ದೋಹಾದಲ್ಲಿ ಭಾವನ ಹೀಟಿಂಗ್ ಲೈಸೆನ್ಸು

ಎಸಿ ಕಂಡರೆ ಆಗದ ಮನುಷ್ಯ ಇಡೀ ಕತಾರಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಅಕ್ಕನ ಗಂಡ. ಅವರ ಉದ್ಯೋಗ ಏನು ಗೊತ್ತೇ? ಎಸಿ ಹಾಕುವುದು!

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಮಾಡಿದರೂ ಒಂದು ಚಿಟಿಕೆಯಷ್ಟೇ, ಒಗ್ಗರಣೆಗೆ ಇಂಗು ಹಾಕುವ ಹಾಗೆ. ಭಾವನಿಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ವಂತ ವರ್ಕ್‌ಶಾಪು ಇದೆ. ಕೈಕೆಳಗೆ ನಾಲ್ಕಾರು ಕೆಲಸಗಾರರಿದ್ದಾರೆ, ಕಂಪನಿಯ ಹೆಸರು ಬರೆಸಿದ ಬಿಳಿಯ ವ್ಯಾನಿದೆ. ದೋಹಾದ ಎಷ್ಟೋ ಮನೆಗಳಲ್ಲಿ ಜನ ನೆಮ್ಮದಿಯಾಗಿ ಹೊದ್ದು ಮಲಗುವುದಕ್ಕೆ ಅವರೇ ಕಾರಣ. ಆದರೆ ಜುಲೈ ತಿಂಗಳ ಮಧ್ಯಾಹ್ನ ಆ ವ್ಯಾನು ಸಿಗ್ನಲ್‌ನಲ್ಲಿ ನಿಂತಾಗ ನೀವು ನೋಡಬೇಕು. ಸುತ್ತಲಿನ ಎಲ್ಲ ಕಾರುಗಳ ಗಾಜು ಮೇಲಕ್ಕಿರುತ್ತದೆ, ಇವರದೊಂದೇ ಕೆಳಗಿರುತ್ತದೆ! ಕಿಟಕಿಯ ಮೇಲೆ ಮೊಣಕೈ ಊರಿಕೊಂಡು, ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯ ಗಾಳಿ ತೆಗೆದುಕೊಳ್ಳುವವರ ಹಾಗೆ ಆರಾಮವಾಗಿ ಕೂತಿರುತ್ತಾರೆ. ಕೆಲಸದವರು ಜೊತೆಗಿದ್ದರೆ ಮಾತ್ರ ಗಾಜು ಏರಿಸಿ ಎಸಿ ಹಾಕುತ್ತಾರೆ. "ಅವರು ದುಡದು ಬಂದಾರ, ಅವರಿಗೆ ಬೇಕು. ನಾನೇನು ಮಾಡೇನಿ? ಬರೇ ಬೈದು ಬಂದೇನಿ" ಎನ್ನುವುದು ಅವರ ವಾದ.

ಶಾಪಿಂಗ್ ಮಾಲಿಗೆ ಹೊರಟಾಗ ಎಲ್ಲರೂ ಕಿಸೆಯಲ್ಲಿ ಪರ್ಸು ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾರೆ. ಭಾವ ಮಂಕಿ ಕ್ಯಾಪನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಜೊತೆಗೆ ತೋಳಿಲ್ಲದ ಕಂದು ಸ್ವೆಟರು ಬೇರೆ. ಒಮ್ಮೆ ಅದೇ ವೇಷದಲ್ಲಿ ಚಿನ್ನದ ಅಂಗಡಿಯ ಮುಂದೆ ಅಕ್ಕನಿಗಾಗಿ ಕಾಯುತ್ತ ನಿಂತಿದ್ದರು. ಹೊರಗೆ ಬೆಂಕಿ ಸುರಿಯುವ ಬಿಸಿಲು, ಒಳಗೆ ಕಣ್ಣು ಮಾತ್ರ ಕಾಣುವ ಹಾಗೆ ಮುಖ ಮುಚ್ಚಿಕೊಂಡ ಗಂಡಸು! ಸೆಕ್ಯುರಿಟಿಯವನು ಬಂದು ಹಿಂದೆ ನಿಂತ. ಭಾವ ಅವನ ಕಡೆ ತಿರುಗಿ, ಬೆರಳನ್ನು ಮೇಲಕ್ಕೆ ತೋರಿಸಿ, ತಮ್ಮ ಅರ್ಧ ಹಿಂದಿಯಲ್ಲಿ ಶುರು ಮಾಡಿ ಪೂರ್ತಿ ಕನ್ನಡದಲ್ಲಿ ಮುಗಿಸಿದರು: "ಭಾಯ್ ಸಾಬ್, ಮೇರೇಕೋ ಮತ್ ದೇಖೋ. ಅಕಾ ಆ ಡಕ್ಟ್ ದೇಖೋ. ಎಷ್ಟ್ ಥಂಡಿ ಬಿಟ್ಟೀರಿ ಅದರಾಗ! ಕಳ್ಳರು ನಾವೋ ನೀವೋ?" ಪಾಪ ಅವನು ನೇಪಾಳದವನು. ಏನು ಅರ್ಥವಾಯಿತೋ, ತಾನೂ ಕೈ ಕೈ ಉಜ್ಜಿಕೊಂಡು ನಕ್ಕುಬಿಟ್ಟ.

ಇಂಥವರು ಗಿರಾಕಿಗಳ ಹತ್ತಿರ ಹೇಗೆ ವ್ಯಾಪಾರ ಮಾಡಿಯಾರು ಎಂದು ನೀವು ಕೇಳಬಹುದು. ಮಾಡುವುದೇ ಇಲ್ಲ, ಬೈಯುತ್ತಾರೆ! ದೊಡ್ಡ ಯಂತ್ರ ಬೇಕೆಂದವರಿಗೆ ಸಣ್ಣದು ಸಾಕೆನ್ನುತ್ತಾರೆ. ಎರಡು ಬೇಕೆಂದವರಿಗೆ ಒಂದು ಪರದೆ ಹಾಕಿಸಿ ನೋಡಿ ಎನ್ನುತ್ತಾರೆ. ಹೊಸ ವಿಲ್ಲಾ ಕಟ್ಟಿಸಿಕೊಂಡ ಒಬ್ಬ ಬೆಳಗಾವಿಯ ಇಂಜಿನಿಯರು ತನಗೆ ಯಾವಾಗಲೂ ಹದಿನಾರು ಡಿಗ್ರಿಯೇ ಬೇಕೆಂದು ಹಟ ಹಿಡಿದ. ಭಾವ ಅವನನ್ನು ಮೇಲಿಂದ ಕೆಳಗೆ ನೋಡಿ, "ಹದಿನಾರಕ್ಕ ಇಡಬೇಕಂದ್ರ ನೀವು ಮನಷ್ಯಾರಲ್ರಿ, ಕಾಯಿಪಲ್ಯ. ನಾನು ಮನಷ್ಯಾರಿಗೆ ಎಸಿ ಹಾಕಾಂವ. ಬದನೀಕಾಯಿಗೆ ಹಾಕಾವ್ರು ಬ್ಯಾರೆ ಅದಾರ, ನಂಬರ್ ಕೊಡ್ಲೇನು?" ಎಂದರು. ಇಷ್ಟಾದ ಮೇಲೂ ಆ ಇಂಜಿನಿಯರು ಇವರ ಕೈಯಲ್ಲೇ ಕೆಲಸ ಮಾಡಿಸಿದ, ತನ್ನ ತಮ್ಮನ ಮನೆಗೂ ಕರೆದುಕೊಂಡು ಹೋದ. ಬೈಸಿಕೊಳ್ಳುವುದರಲ್ಲಿ ಏನು ಸುಖವಿದೆಯೋ ನನಗಂತೂ ತಿಳಿಯದು.

ಆ ಸುಖ ತಿಳಿಯದಿದ್ದರೂ ನನಗೆ ಒಂದು ಗುಟ್ಟು ಗೊತ್ತಿದೆ. ಭಾವ ಎಸಿ ಹಾಕಿದ ಮೇಲೆ, ಅಥವಾ ರಿಪೇರಿ ಮಾಡಿದ ಮೇಲೆ, ಆ ಮನೆಯಲ್ಲಿ ಯಾರಿಗಾದರೂ ನಿದ್ದೆ ಬರುವವರೆಗೆ ಅಲ್ಲಿಂದ ಏಳುವುದಿಲ್ಲ. ಹೌದು, ನೀವು ಸರಿಯಾಗಿಯೇ ಓದಿದಿರಿ. ಬೇರೆಯವರು ಥರ್ಮಾಮೀಟರು ಹಿಡಿಯುತ್ತಾರೆ, ಗೇಜು ನೋಡುತ್ತಾರೆ. ಭಾವನೂ ಅದನ್ನೆಲ್ಲ ನೋಡುತ್ತಾರೆ. ಆಮೇಲೆ ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿಕೊಂಡು, ಕೈಕಟ್ಟಿ, ಮನೆಯವರನ್ನು ನೋಡುತ್ತ ಕೂತುಬಿಡುತ್ತಾರೆ. ಯಾರಾದರೂ ಒಬ್ಬರ ತಲೆ ವಾಲಿತೋ, ಎದ್ದು ಚಪ್ಪಲಿ ಕೈಯಲ್ಲಿ ಹಿಡಿದು ಹೊರಟರು. ಕೆಲಸ ಖಲಾಸ್!

ಅಲ್ ವುಕೈರ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಮಂಗಳೂರಿನ ಕಡೆಯ ಒಂದು ಸಂಸಾರವಿದೆ. ನಾನೇ ಶಿಫಾರಸು ಮಾಡಿ ಭಾವನನ್ನು ಕಳಿಸಿದ್ದೆ. ಸಂಜೆ ಆಕೆಯ ಫೋನು ಬಂತು. ದನಿ ಪಿಸುಮಾತಿನಲ್ಲಿತ್ತು. "ಮಾರಾಯ್ರೆ, ನಿಮ್ಮ ಭಾವ ಇನ್ನೂ ಹಾಲ್‌ನಲ್ಲೇ ಕೂತಿದ್ದಾರೆ. ಟೀ ಕೊಟ್ಟಾಯ್ತು, ಬಿಸ್ಕೆಟ್ ಕೊಟ್ಟಾಯ್ತು. ನಮ್ಮ ಅತ್ತೆಯನ್ನೇ ನೋಡ್ತಾ ಇದ್ದಾರೆ. ಅತ್ತೆಗೆ ಹೆದರಿಕೆ ಆಗಿ ಬರುವ ನಿದ್ದೆಯೂ ಬರುದಿಲ್ಲ. ಎಂತ ಮಾಡುದು?" ನಾನು ಗುಟ್ಟು ಹೇಳಿದೆ. ಹಾಗಾದರೆ ತನ್ನ ಗಂಡನಿಗೆ ಮಲಗಿದ ಹಾಗೆ ನಟಿಸಲು ಹೇಳುತ್ತೇನೆ ಎಂದು ಆಕೆ ಫೋನಿಟ್ಟಳು. ಗಂಡ ಸೋಫಾದ ಮೇಲೆ ಒರಗಿ ಚೆನ್ನಾಗಿಯೇ ಗೊರಕೆ ಹೊಡೆದರಂತೆ. ಭಾವ ಹತ್ತಿರ ಹೋಗಿ, ಬಗ್ಗಿ, ಕಿವಿಗೊಟ್ಟು ಕೇಳಿ ತೀರ್ಪು ಕೊಟ್ಟರಂತೆ: "ಸುಳ್ಳು ಗೊರಕಿ. ಖರೇ ಗೊರಕಿ ಆದ್ರ ಒಳಗ ಹೋಗೂವಾಗ ಒಂದು ಸಪ್ಪಳ, ಹೊರಗ ಬರೂವಾಗ ಒಂದು ಸಪ್ಪಳ ಇರತೈತಿ. ಇವರದು ಎರಡೂ ಒಂದ. ಯಾಕ್ರಿ ಸಾಹೇಬ್ರ, ಮಷೀನ್ ಆವಾಜ್ ಮಾಡಾಕತ್ತೇತೇನು?" ಹಾಗೆ ಕೇಳಿ ಯಂತ್ರವನ್ನು ಮತ್ತೆ ಬಿಚ್ಚಿದರಂತೆ! ಒಳಗೊಂದು ಸ್ಕ್ರೂ ಸಡಿಲಾಗಿತ್ತು ಎಂಬುದು ಬೇರೆ ಮಾತು. ಅದನ್ನು ಬಿಗಿ ಮಾಡಿ ಕೂತ ಮೇಲೆ ಅತ್ತೆ ನಿಜವಾಗಿಯೂ ಮಲಗಿದರು, ಭಾವ ಹೊರಟರು. ಆ ಅತ್ತೆ ಈಗಲೂ ನನ್ನನ್ನು ಲಿಫ್ಟಿನಲ್ಲಿ ಕಂಡರೆ ನಿಮ್ಮ ಭಾವ ಚೆನ್ನಾಗಿದ್ದಾರೆಯೇ ಎಂದು ವಿಚಾರಿಸುತ್ತಾರೆ.

ಇನ್ನು ಲೈಸೆನ್ಸಿನ ಕತೆಗೆ ಬರುತ್ತೇನೆ. ಭಾವನ ಲೈಸೆನ್ಸಿನಲ್ಲಿ ಎರಡು ಕೆಲಸಗಳಿಗೆ ಅನುಮತಿ ಇದೆ. ಒಂದು, ಕೂಲಿಂಗು. ಇನ್ನೊಂದು, ಹೀಟಿಂಗು! ಕತಾರಿನಲ್ಲಿ ಹೀಟಿಂಗು! ಸಮುದ್ರದ ನಡುವೆ ನಿಂತು ಉಪ್ಪು ಮಾರುವ ಅನುಮತಿ ಪಡೆದ ಹಾಗೆ. ಇದು ಹೇಗಾಯಿತು ಅಂದರೆ, ಬಹಳ ವರ್ಷಗಳ ಹಿಂದೆ ಭಾವ ಕನ್‌ಸ್ಟ್ರಕ್ಷನ್ ಕಂಪನಿಯ ಕೆಲಸ ಬಿಟ್ಟು ಸ್ವಂತ ವರ್ಕ್‌ಶಾಪು ತೆರೆಯುವಾಗ, ಅರಬ್ಬಿಯಲ್ಲಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿಗೆ ಹೋದರು. ಅಲ್ಲಿದ್ದ ಮಲಯಾಳಿ ಚೇಟನು ಕೂಲಿಂಗ್ ಮಾತ್ರವೋ ಹೀಟಿಂಗೂ ಬೇಕೋ ಎಂದು ಕೇಳಿದ. ಎರಡಕ್ಕೂ ಫೀಸು ಬೇರೆಯೇ ಎಂದು ಭಾವ ಕೇಳಿದರು. ಇಲ್ಲ, ಒಂದೇ ಎಂದ. ಅಷ್ಟೇ ಸಾಕಾಯಿತು. ಗದಗಿನ ಖಾನಾವಳಿಗಳಲ್ಲಿ ಉಂಡು ಬೆಳೆದ ಮನುಷ್ಯ, ಊಟದ ಜೊತೆಗೇ ಬರುವ ಮಜ್ಜಿಗೆಯನ್ನು ಬೇಡ ಅನ್ನುತ್ತಾರೆಯೇ? "ಬರಲಿ ಬಿಡು, ತಾಟಿನಾಗ ಇರಲಿ" ಎಂದರು. ಅಂದಿನಿಂದ ಹೀಟಿಂಗು ಅವರ ತಾಟಿನಲ್ಲಿ ಹಾಗೆಯೇ ಉಳಿಯಿತು.

ಅವರು ಒಂದು ಹೀಟರನ್ನೂ ಮಾರಲಿಲ್ಲ. ಒಂದು ಚಳಿಗಾಲದಲ್ಲಿ ಯಾರೋ ಗಿರಾಕಿ ಫೋನು ಮಾಡಿ ಹೀಟರು ಬೇಕೆಂದರು. ಭಾವ ವ್ಯಾನು ಹತ್ತಿ ಹೋಗಿ, ಮನೆ ನೋಡಿ, ಇಷ್ಟಕ್ಕೆಲ್ಲ ಹೀಟರು ಯಾಕೆ ಎಂದು ಬೈದು, ನಮ್ಮ ಅಕ್ಕ ಊರಿನಿಂದ ತಂದಿದ್ದ ಕಂಬಳಿಯನ್ನು ಅವರಿಗೆ ಕೊಟ್ಟು ಬಂದರು. ಆ ಕಂಬಳಿಗಾಗಿ ಅಕ್ಕ ಇವತ್ತಿಗೂ ಜಗಳ ತೆಗೆಯುತ್ತಾಳೆ.

ಈ ಸಲ ಲೈಸೆನ್ಸಿನ ಅವಧಿ ಮುಗಿಯುತ್ತ ಬಂದಾಗ ಮನೆಯ ಪರಿಸ್ಥಿತಿ ಮೊದಲಿನಂತಿರಲಿಲ್ಲ. ಅಕ್ಕನಿಗೆ ರಕ್ತದ ಕಾಯಿಲೆ ಬಂದು, ಚಿಕಿತ್ಸೆ ಇಲ್ಲಿಯ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ನಡುವೆ ನಿಲ್ಲಿಸುವಂತಿಲ್ಲ, ಬೇರೆ ಊರಿಗೆ ಹೋಗಿ ಮೊದಲಿನಿಂದ ಶುರು ಮಾಡುವಷ್ಟು ಅವಳಲ್ಲಿ ಶಕ್ತಿಯೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಈ ದೇಶದಲ್ಲಿ ನಮ್ಮ ಇರುವಿಕೆ ಒಂದಕ್ಕೊಂದು ಆತುಕೊಂಡಿರುತ್ತದೆ. ಲೈಸೆನ್ಸು ಇದ್ದರೆ ಭಾವನ ಕಂಪನಿ, ಕಂಪನಿ ಇದ್ದರೆ ಭಾವನ ರೆಸಿಡೆನ್ಸಿ, ಭಾವನದು ಇದ್ದರೆ ಅಕ್ಕನದು. ಲೈಸೆನ್ಸು ಹೋದರೆ ಅಕ್ಕ ಚಿಕಿತ್ಸೆಯ ನಡುವೆ ಗಂಟುಮೂಟೆ ಕಟ್ಟಬೇಕು. ಇದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಯಾಕೆಂದರೆ ನವೀಕರಣ ಎಂಬುದು ಯಾವತ್ತೂ ತೊಂದರೆ ಕೊಟ್ಟ ಕೆಲಸವಲ್ಲ. ಚೇಟನು ಕಾಗದ ಕಳಿಸುತ್ತಿದ್ದ, ಯಾರೋ ಮುದ್ರೆ ಒತ್ತುತ್ತಿದ್ದರು.

ಆದರೆ ಈ ಸಲ ಹೊಸ ಇನ್ಸ್‌ಪೆಕ್ಟರು ಬಂದಿದ್ದ. ಅವನಿಗೆ ಒಂದು ವಿಚಿತ್ರ ಚಟವಿತ್ತು. ಕಾಗದವನ್ನು ಪೂರ್ತಿ ಓದುತ್ತಿದ್ದ! ಅಂಥ ಅಧಿಕಾರಿ ಸಿಗುವ ಯೋಗ ಎಷ್ಟು ಜನರ ಜಾತಕದಲ್ಲಿ ಇದ್ದೀತು ಹೇಳಿ? ಓದಿದವನು ಭಾವನನ್ನು ಆಫೀಸಿಗೆ ಕರೆಸಿದ. ನಾನು ಶಾಲೆಯೊಂದರಲ್ಲಿ ಸೆಕ್ರೆಟರಿ. ಇಂಗ್ಲಿಷ್ ಬರುತ್ತದೆಂಬ ಕಾರಣಕ್ಕೆ ತರ್ಜುಮೆಯ ಕೆಲಸ ನನ್ನ ತಲೆಗೆ ಬಿತ್ತು.

ಭಾವ ಸ್ವೆಟರು, ಮಂಕಿ ಕ್ಯಾಪು ಸಮೇತ ಬಂದರು. ಕೂರುವ ಮೊದಲೇ ಕುರ್ಚಿಯ ಮೇಲೆ ಹತ್ತಿ, ನೆತ್ತಿಯ ಮೇಲಿನ ಗಾಳಿಕಿಂಡಿಯನ್ನು ಗೋಡೆಯ ಕಡೆ ತಿರುಗಿಸಿ, ಇಳಿದು, ಕುರ್ಚಿಯನ್ನು ಕೈಯಿಂದ ಒರೆಸಿ ಕೂತರು. ಇನ್ಸ್‌ಪೆಕ್ಟರು ಬಾಯಿ ತೆರೆದು ನೋಡುತ್ತಿದ್ದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಸಾವರಿಸಿಕೊಂಡು ಬಹಳ ಮರ್ಯಾದೆಯಿಂದಲೇ ಕೇಳಿದ: ನಿಮಗೆ ಹೀಟಿಂಗಿಗೆ ಅನುಮತಿ ಇದೆ, ಇಷ್ಟು ವರ್ಷಗಳಲ್ಲಿ ಕತಾರಿನಲ್ಲಿ ಯಾರಿಗೆ ಹೀಟಿಂಗು ಬೇಕಾಗಿತ್ತು?

"ಹೇಳು ತಂಗಿ," ಎಂದರು ಭಾವ, "ಬ್ಯಾರೆ ಯಾಕ, ಈಗ ನಾ ಕುಂತಲ್ಲೇ ಒಂದು ಬೇಕಾಗೇತಿ ಅಂತ."

"ಯೋಚನೆ ಮಾಡಿ ಹೇಳುತ್ತಾರಂತೆ ಸರ್" ಎಂದು ನಾನು ತರ್ಜುಮೆ ಮಾಡಿದೆ.

ಇನ್ಸ್‌ಪೆಕ್ಟರು ನಿಯಮ ವಿವರಿಸಿದ. ಮಾಡಿದ ಹೀಟಿಂಗು ಕೆಲಸ ಒಂದಾದರೂ ಇರಬೇಕು, ತಾನು ಬಂದು ಕಣ್ಣಾರೆ ನೋಡಬೇಕು. ಇಲ್ಲವಾದರೆ ಹೀಟಿಂಗನ್ನು ತೆಗೆದುಹಾಕಬೇಕು. ತೆಗೆಯಲಿ ಬಿಡಿ ಎಂದು ನಾನು ಖುಷಿಯಿಂದ ಹೇಳಹೊರಟೆ. ಅವನು ತಲೆಯಾಡಿಸಿದ. ತೆಗೆಯುವುದೆಂದರೆ ಹಳೆಯ ಫೈಲು ಮುಚ್ಚಿ ಹೊಸದಾಗಿ ಅರ್ಜಿ ಹಾಕುವುದು. ಮತ್ತೆ ಎಲ್ಲ ಇಲಾಖೆಗಳ ಒಪ್ಪಿಗೆ ಬೇಕು, ನಡುವೆ ಈದ್ ರಜೆ ಬರುತ್ತದೆ. ಲೈಸೆನ್ಸಿನ ಅವಧಿ ಆ ತಿಂಗಳ ಕೊನೆಗೇ ಮುಗಿಯುವುದಿತ್ತು. ಭಾವ ಮಂಕಿ ಕ್ಯಾಪನ್ನು ತೆಗೆದು ಮಡಿಸಿ ಕಿಸೆಗೆ ಹಾಕಿಕೊಂಡರು. ಅವರಿಗೆ ಆ ಚಳಿಯಲ್ಲೂ ಬೆವರು ಬಂದಿತ್ತು.

ಹೀಗೆ ಜೂನ್ ತಿಂಗಳ ದೋಹಾದಲ್ಲಿ ಬಿಸಿ ಬೇಕಾದವರನ್ನು ಹುಡುಕುವ ಅಭಿಯಾನ ಶುರುವಾಯಿತು! ಭಾವ ಹಳೆಯ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗಾಗಿ ಫೋನು ಹಚ್ಚಿದರು. "ನಮಸ್ಕಾರ್ರೀ, ಆರಾಮಿದ್ದೀರಿಲ್ಲೋ? ಮನ್ಯಾಗ ಯಾರಿಗರ ಥಂಡಿ ಆಗೇತೇನ್ರಿ?" ಬಿಸಿಲು ತಲೆಗೇರಿದೆ ಎಂದೇ ಎಲ್ಲರೂ ತಿಳಿದರು. ಇಬ್ಬರು ಅಕ್ಕನಿಗೆ ಫೋನು ಮಾಡಿ ಅವರನ್ನು ಹೊರಗೆ ಬಿಡಬೇಡಿ ಎಂದು ಎಚ್ಚರಿಸಿದರು. ಒಬ್ಬ ಪುಣ್ಯಾತ್ಮ ಡ್ರೈವರನ ಕೈಯಲ್ಲಿ ಲಬನ್ ಎಂಬ ಇಲ್ಲಿಯ ಮಜ್ಜಿಗೆಯ ಬಾಟಲಿಗಳ ಪೆಟ್ಟಿಗೆಯನ್ನೇ ಕಳಿಸಿದ. ರೊಟ್ಟಿ ಸುಡುವ ಬೇಕರಿಯೊಂದಕ್ಕೆ ಹೋಗಿ ಹೀಟಿಂಗು ಬೇಕೇ ಎಂದು ಕೇಳಿದಾಗ, ಒಲೆಯ ಮುಂದೆ ಬನಿಯನ್ನಿನಲ್ಲಿ ನಿಂತಿದ್ದ ಆಫ್ಘನ್ ಅಣ್ಣ ಲಟ್ಟಣಿಗೆ ಎತ್ತಿಕೊಂಡು ಬಂದನಂತೆ. ನನ್ನ ಗಂಡ ತಮ್ಮ ಬುದ್ಧಿವಂತಿಕೆಯನ್ನೂ ಸೇರಿಸಿದರು. "ಇನ್ಸ್‌ಪೆಕ್ಟರನ್ನ ಮಧ್ಯಾಹ್ನ ಹೊರಗ ಕರ್ಕೊಂಡು ಬರ್ರಿ. ಇದೆಲ್ಲಾ ನಂದ ಕೆಲಸ ಸಾಹೇಬ್ರ, ಇಡೀ ಊರಿಗೆ ಹೀಟಿಂಗ್ ಹಾಕೇನಿ ಅಂತ ತೋರಸ್ರಿ!"

ಕೊನೆಗೆ ಟೈಪಿಂಗ್ ಸೆಂಟರಿನ ಚೇಟನೇ ಒಂದು ದಾರಿ ಹೇಳಿದ. ವರ್ಕ್‌ಶಾಪಿನ ಗೋಡೆಗೆ ಒಂದು ಹೀಟರು ತಗುಲಿಸಿ, ಇನ್ಸ್‌ಪೆಕ್ಟರು ಬಂದಾಗ ಸ್ವಿಚ್ಚು ಹಾಕಿ ತೋರಿಸಿ, ಹೋದ ಮೇಲೆ ಇಳಿಸಿ ಅಂಗಡಿಗೆ ವಾಪಸು ಕೊಟ್ಟರಾಯಿತು. ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ! ನನಗೂ ಅದೇ ಸರಿ ಕಂಡಿತು. ಆದರೆ ಭಾವ ಒಪ್ಪಬೇಕಲ್ಲ?

"ಅದು ಹೀಟರ್ ಅಲ್ಲ ತಂಗಿ, ಗ್ವಾಡಿಗೆ ಬಡದ ಮೊಳಿ. ಯಾರರ ಅದರ ಬುಡಕ ಬೆಚ್ಚಗ ಕುಂತಾರೇನು? ಯಾರಿಗರ ನಿದ್ದಿ ಬಂದೈತೇನು? ಆ ಮನಷ್ಯಾ ಪಾಪ, ಓದಿ ಕೇಳ್ಯಾನ. ಓದಿ ಕೇಳಾವ್ರಿಗೆ ಸುಳ್ಳ ತೋರಿಸಬಾರದು."

"ಅಕ್ಕನ ಗತಿ ಏನ್ ಭಾವಾ?" ಎಂದು ನಾನು ಸಿಟ್ಟಿನಿಂದಲೇ ಕೇಳಿದೆ. ಅವರು ವ್ಯಾನಿನ ಕೀಲಿ ತೆಗೆದುಕೊಂಡು ಇನ್ನೊಬ್ಬ ಗಿರಾಕಿಯನ್ನು ಹುಡುಕಲು ಹೊರಟರು.

ಶುಕ್ರವಾರ ನಾನು ಅಲ್ ಅಜೀಜಿಯಾದ ಅವರ ಮನೆಗೆ ಹೋದೆ. ಹಳೆಯ ಕಟ್ಟಡ ಅದು. ಇಡೀ ಕಟ್ಟಡಕ್ಕೆ ಒಂದೇ ಎಸಿ, ಅದರ ಕೀಲಿ ಮಾಲೀಕನ ಕೈಯಲ್ಲಿ. ಎಸಿಯನ್ನು ದ್ವೇಷಿಸುವ ಮನುಷ್ಯ ಸ್ವಂತ ಮನೆಯಲ್ಲಿ ಎಸಿ ಆರಿಸುವಂತಿಲ್ಲ ಎನ್ನುವುದು ನಮ್ಮ ಮನೆಮಂದಿಯ ಹಳೆಯ ತಮಾಷೆ. ಅಕ್ಕನ ಕೋಣೆ ಮಾತ್ರ ಕೆಲವು ವಾರಗಳಿಂದ ಬೆಚ್ಚಗಿರುತ್ತಿತ್ತು. ಎಸಿಯವರ ಮನೆಯ ಎಸಿ ಕೆಟ್ಟಿರುವುದು ಲೋಕದ ವಾಡಿಕೆಯೇ ಅಲ್ಲವೇ? ನಾನೂ ಹಾಗೆಂದೇ ತಿಳಿದು ಸುಮ್ಮನಿದ್ದೆ. ಅವತ್ತು ಸೆಕೆ ತಾಳಲಾರದೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಇದನ್ನ ಒಂದೀಟು ರಿಪೇರಿ ಮಾಡಾಕ ಭಾವಗ ಪುರುಸೊತ್ತು ಇಲ್ಲೇನು?" ಎಂದೆ.

ಅಕ್ಕ ನಕ್ಕಳು. ಸೊರಗಿದ ಮುಖದಲ್ಲಿ ಅವಳ ನಗು ಮಾತ್ರ ಹಾಗೆಯೇ ಇದೆ. "ಕೆಟ್ಟಿಲ್ಲವಾ ಹುಚ್ಚಿ. ಆಸ್ಪತ್ರಿಯಿಂದ ಬಂದ ದಿನ ನನಗ ನಡುಕ ಬಿಡಂಗಿಲ್ಲ. ಕಿಂಡಿ ಮುಚ್ಚಿದ್ರ ಉಸಿರು ಕಟ್ಟತೈತಿ, ತಗದ್ರ ಥಂಡಿ. ಅದಕ್ಕ ಇವರು ಆ ಕಿಂಡ್ಯಾಗ ಏನೋ ಸುರುಳಿ ಕುಂಡ್ರಿಸ್ಯಾರ. ಅಲ್ಲಿಂದ ಬರೂ ಗಾಳಿ ನನ್ನ ಕಡೆ ಬರೂದ್ರಾಗ ಬೆಚ್ಚಗ ಆಗಿರತೈತಿ. ನಾಕ ಸಲ ಬಿಚ್ಚಿ ನಾಕ ಸಲ ಹಾಕಿದ್ರು."

ನಾನು ಎದ್ದು ಅಡುಗೆಮನೆಗೆ ಓಡಿದೆ. ಭಾವ ಅಲ್ಲಿ ಅಕ್ಕನಿಗಾಗಿ ಜೋಳದ ನುಚ್ಚು ಕುದಿಸುತ್ತಿದ್ದರು.

"ಭಾವಾ! ಊರೆಲ್ಲಾ ಹುಡುಕಿದ್ರಲ್ಲಾ, ಒಳಗಿರೂದು ಏನದು? ಹೀಟಿಂಗ್ ಅಲ್ಲೇನು?"

ಅವರು ಸೌಟು ಹಿಡಿದುಕೊಂಡೇ ನನ್ನನ್ನು ದಿಟ್ಟಿಸಿದರು. ಅವರಿಗೆ ನಿಜವಾಗಿಯೂ ಹೊಳೆದಿರಲಿಲ್ಲ! "ಅದು ಕೆಲಸ ಅಲ್ಲ ತಂಗಿ," ಎಂದರು ನಾಚಿಕೊಂಡು, "ಅದು ಮನಿ. ಹೇಣ್ತಿ ಗಿರಾಕಿ ಅಲ್ಲ."

ಹೇಣ್ತಿಯೂ ಗಿರಾಕಿಯೇ ಎಂದು ಒಪ್ಪಿಸಲು ನನಗೂ ಅಕ್ಕನಿಗೂ ಆ ಸಂಜೆಯೆಲ್ಲ ಹಿಡಿಯಿತು. ಅಕ್ಕ ಹಾಸಿಗೆಯಲ್ಲಿ ಕೂತೇ, ಕಂಬಳಿ ಕೊಟ್ಟು ಕಳೆದದ್ದಕ್ಕೆ ಇದಾದರೂ ಲೆಕ್ಕಕ್ಕೆ ಬರಲಿ ಎಂದು ವಾದಿಸಿದಳು. ಮರುದಿನ ಭಾವ ಆ ಕೆಲಸದ ವಿವರವನ್ನು ಚೇಟನ ಕೈಯಲ್ಲಿ ಬರೆಸಿ, ಕಟ್ಟಡದ ಮಾಲೀಕನ ಒಪ್ಪಿಗೆ ಪಡೆದು, ಇನ್ಸ್‌ಪೆಕ್ಟರಿಗೆ ತಿಳಿಸಿದರು.

ಇನ್ಸ್‌ಪೆಕ್ಟರು ಬಂದ ದಿನ ಎಲ್ಲವೂ ಎಡವಟ್ಟಾಗಿತ್ತು. ಅಕ್ಕನಿಗೆ ಹಿಂದಿನ ದಿನವಷ್ಟೇ ಔಷಧ ಏರಿಸಿದ್ದರು. ರಾತ್ರಿಯೆಲ್ಲ ನಡುಗಿ, ಬೆಳಿಗ್ಗೆಯೂ ಕಣ್ಣು ಮುಚ್ಚದೆ ಒದ್ದಾಡಿದ್ದಳು. ಅವನು ಬಾಗಿಲ ಗಂಟೆ ಒತ್ತುವುದಕ್ಕೂ ಅಕ್ಕನಿಗೆ ಜೋಂಪು ಹತ್ತುವುದಕ್ಕೂ ಸರಿಹೋಯಿತು. ಭಾವ ಓಡಿ ಹೋಗಿ ಬಾಗಿಲು ತೆರೆದರು. ಆರಡಿ ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿಯ ಥೋಬ್ ಎಂಬ ನಿಲುವಂಗಿ, ಕೈಯಲ್ಲಿ ಫೈಲು. "ಅಸ್ಸಲಾಮು..." ಎಂದು ಶುರು ಮಾಡಿದ್ದನಷ್ಟೆ, ಭಾವ ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದರು.

ಸರಕಾರಿ ಅಧಿಕಾರಿಗೆ ಶ್! ಮುಗಿಯಿತು, ಗಂಟುಮೂಟೆ ಕಟ್ಟುವುದೇ ಎಂದುಕೊಂಡೆ. ಆದರೆ ಇನ್ಸ್‌ಪೆಕ್ಟರು ಭಾವನ ಹೆಗಲ ಮೇಲಿಂದ ಒಳಗೆ ನೋಡಿದ. ಉಳಿದ ಸಲಾಮನ್ನು ತುಟಿಯಲ್ಲೇ ಮುಗಿಸಿದ, ಬೂಟು ಕಳಚಿದ, ತುದಿಗಾಲಿನಲ್ಲಿ ಒಳಗೆ ಬಂದ.

ಆಮೇಲಿನ ತಪಾಸಣೆ ಪೂರ್ತಿ ಪಿಸುಮಾತಿನಲ್ಲಿ ನಡೆಯಿತು. ಅವನು ಕಿಂಡಿಯ ಮುಂದೆ ಅಂಗೈ ಹಿಡಿದ. ಸ್ವಿಚ್ಚು, ವೈರು, ಅತಿಬಿಸಿಯಾದರೆ ತಾನಾಗಿ ಆರುವ ಏರ್ಪಾಡು ಎಲ್ಲವನ್ನೂ ಬಗ್ಗಿ ಬಗ್ಗಿ ನೋಡಿದ. ಅವನು ಅರಬ್ಬಿಯಲ್ಲಿ ಪಿಸುಗುಟ್ಟಿದರೆ ಭಾವ ಗದಗಿನ ಕನ್ನಡದಲ್ಲಿ ಪಿಸುಗುಟ್ಟಿ ಉತ್ತರಿಸುತ್ತಿದ್ದರು. ತರ್ಜುಮೆಗೆಂದು ಶಾಲೆಗೆ ರಜೆ ಹಾಕಿ ಬಂದ ನನ್ನನ್ನು ಇಬ್ಬರೂ ಕೇಳಲಿಲ್ಲ. ಐದೇ ನಿಮಿಷಕ್ಕೆ ಆ ಸೆಕೆಯಲ್ಲಿ ಥೋಬ್ ಬೆನ್ನಿಗೆ ಅಂಟಿಕೊಂಡಿತು. ಭಾವ ಅವನಿಗೊಂದು ಕುರ್ಚಿ ಹಾಕಿ, ತಾವೂ ಬಾಗಿಲ ಪಕ್ಕ ಕೂತು, ಕೈಕಟ್ಟಿಕೊಂಡು ಅಕ್ಕನನ್ನು ನೋಡತೊಡಗಿದರು. ಅವನೂ ಕೂತ. ಅಕ್ಕನ ಉಸಿರು ನಿಧಾನವಾಗಿ ಏರಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಸಣ್ಣದೊಂದು ಗೊರಕೆ ಕೇಳಿಸಿತು. ಭಾವ ಮುಂದೆ ಬಾಗಿ ಕಿವಿಗೊಟ್ಟು ಕೇಳಿದರು. ಆಮೇಲೆ ಇನ್ಸ್‌ಪೆಕ್ಟರನ ಕಡೆ ತಿರುಗಿ, "ಖರೇದು" ಎಂದರು.

ಅವನಿಗೆ ಏನು ತಿಳಿಯಿತೋ ನಾನರಿಯೆ. ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಸದ್ದಾಗದಂತೆ ಸಹಿ ಮಾಡಿದ. ಹೋಗುವಾಗ ಬೂಟನ್ನು ಹಾಕಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡು, ಬರೀ ಕಾಲುಚೀಲದಲ್ಲಿ ಲಿಫ್ಟಿನವರೆಗೆ ನಡೆದುಹೋದ. ಆ ದೊಡ್ಡ ಆಳು ಹಾಗೆ ಹೋಗುವುದನ್ನು ನೋಡಿ ನನಗೆ ನಗು ಬಂತು, ಕಣ್ಣೂ ತುಂಬಿತು.

ಕಾಗದ ಕೈಗೆ ಬರಲು ಇನ್ನು ಕೌಂಟರಿನ ಕೆಲಸವೊಂದೇ ಉಳಿದಿತ್ತು. ಅದರ ನಡುವೆ ಒಂದು ದಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೂ ಭಾವನನ್ನೂ ಕಾರಿಡಾರಿಗೆ ಕರೆದರು. ಹೊಸ ವರದಿಗಳು ತಾವು ಅಂದುಕೊಂಡ ಹಾಗೆ ಬಂದಿಲ್ಲ ಎಂದರು. ಸದ್ಯಕ್ಕೆ ಈ ಒಂದು ವರ್ಷದ ಬಗ್ಗೆ ಯೋಚಿಸೋಣ, ಅದರಾಚೆಗಿನದನ್ನು ಈಗ ಏನೂ ಹೇಳಲಾಗದು ಎಂದು ಬಹಳ ಮೃದುವಾಗಿ ಹೇಳಿದರು. ಭಾವ ನನ್ನ ಕಡೆ ತಿರುಗಿ "ಏನಂದ್ರು?" ಎಂದು ಕೇಳಿದರು. ಇನ್ಸ್‌ಪೆಕ್ಟರನ ಮುಂದೆ ಮಾತು ತಿರುಗಿಸಿದ ಹಾಗೆ ಇಲ್ಲಿ ತಿರುಗಿಸಲು ನನಗೆ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತಲೆಯಾಡಿಸಿದರು. ಅಕ್ಕನಿಗೆ ಇದನ್ನು ಹೇಳುವುದು ಬೇಡ ಎಂದರು, ಅಷ್ಟೆ.

ಲೈಸೆನ್ಸ್ ಆಫೀಸಿನ ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತದೆ ಕೇಳಿದಳು: ಎಷ್ಟು ವರ್ಷಕ್ಕೆ ಮಾಡಲಿ? ಒಂದರಿಂದ ಐದರವರೆಗೆ ಎಷ್ಟಾದರೂ ಆಗುತ್ತದೆ. ನಾನು ಒಂದು ಎನ್ನಲು ಬಾಯಿ ತೆರೆದೆ. ಭಾವನಿಗೂ ವಯಸ್ಸಾಗಿದೆ, ವರ್ಕ್‌ಶಾಪಿನ ಕೆಲಸವೂ ಕಡಿಮೆಯಾಗಿದೆ, ಒಂದು ಸಾಕು. ಇವೆಲ್ಲ ನೆಪ. ನನ್ನ ಕಿವಿಯಲ್ಲಿ ಇದ್ದದ್ದು ಡಾಕ್ಟರ ಮಾತು.

"ಐದು ಅನ್ನು" ಎಂದರು ಭಾವ.

ನಾನು ಅವರ ಮುಖ ನೋಡಿದೆ.

"ಅನ್ನು ತಂಗಿ. ಯಾವತ್ತೂ ಐದ ಮಾಡ್ಸೇನಿ. ಮನಿಗೆ ಹೋದ ಕೂಡ್ಲೆ ಅಕಿ ಅದನ್ನ ಕೇಳ್ತಾಳ. ಈ ಸಲ ಒಂದು ಅಂದ್ರ, ಅಕಿಗೆ ತಿಳದುಬಿಡತೈತಿ."

ನಾನು ಐದು ಎಂದೆ. ಹುಡುಗಿ ಐದು ಎಂದು ಒತ್ತಿದಳು.

ಮನೆಗೆ ಹೋದಾಗ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಬಾಗಿಲಲ್ಲೇ ಕೇಳಿದಳು, "ಎಷ್ಟು ವರ್ಷದ್ದು ಕೊಟ್ರು?"

"ಐದು" ಎಂದರು ಭಾವ, ಚಪ್ಪಲಿ ಬಿಡುತ್ತ.

"ಐದಾ! ಯವ್ವಾ, ಇನ್ನೂ ಐದ ವರ್ಷ ಈ ಬಿಸಲಾಗ ನನ್ನ ಇಟಗೊಂಡ ಕುಂಡ್ರಾವ್ರೇನು ಇವರು?" ಎಂದು ಅಕ್ಕ ಗೊಣಗಿದಳು. ಗೊಣಗಿ ಭಾವನನ್ನೇ ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ಎಷ್ಟು ತಿಳಿದಿತ್ತೋ, ಏನು ತಿಳಿದಿತ್ತೋ. ಆಮೇಲೆ ಕೋಣೆಯ ಸುತ್ತ ಕಣ್ಣಾಡಿಸಿ ಹೇಳಿದಳು, "ಹಂಗಾರ ಈ ಪರದೆ ಬದಲಿ ಮಾಡೂಣ. ಐದ ವರ್ಷ ಇದನ್ನ ಯಾರು ನೋಡ್ಕೋಂತ ಕೂಡ್ರತಾರ?"

ಮುಂದಿನ ವಾರ ಅವಳಿಗೆ ಸ್ವಲ್ಪ ಚೈತನ್ಯ ಬಂದ ದಿನ ಮೂವರೂ ಪರದೆಯ ಅಂಗಡಿಗೆ ಹೋದೆವು. ಅಕ್ಕ ಶಾಲು ಹೊದ್ದು ಕುರ್ಚಿಯಲ್ಲಿ ಕೂತು, ಅಂಗಡಿಯ ಅರ್ಧ ಬಟ್ಟೆ ಕೆಳಗಿಳಿಸಿ, ಅರಿಶಿನ ಬಣ್ಣದ್ದೊಂದನ್ನು ಆರಿಸಿದಳು. ಭಾವ ಅದನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಅಂಗಡಿಯವನನ್ನು ಕೇಳಿದರು: "ಯೇ ಪಾಂಚ್ ಸಾಲ್ ಚಲೇಗಾ?"

"ಪಾಂಚ್?" ಅವನು ಎದೆ ತಟ್ಟಿಕೊಂಡ. "ದಸ್ ಸಾಲ್, ಚಾಚಾ! ಗ್ಯಾರಂಟಿ!"

ಯಾವ ಅಂಗಡಿಯವನ ಯಾವ ಗ್ಯಾರಂಟಿಯನ್ನೂ ಜಗಳವಾಡದೆ ಬಿಟ್ಟವರಲ್ಲ ನಮ್ಮ ಭಾವ. ಅವತ್ತು ಮಾತ್ರ ಪರದೆಯನ್ನು ಮೆಲ್ಲಗೆ ಅಕ್ಕನ ತೊಡೆಯ ಮೇಲಿಟ್ಟು, "ಕೇಳಿದಿ? ಹತ್ತು ವರ್ಷಂತ" ಎಂದರು.